ತಣ್ಣಗಿದ್ದ ಟ್ರೇ

ಬಾಗಿಲು ಧಡಾರನೆ ಮುಚ್ಚಿತು. ಹೊರಗೆ ಚಿಲಕ ಎಳೆದ ಸದ್ದು!

ಕಿಟಕಿಯಿಲ್ಲದ ಕೋಣೆ. ಮೂಗಿಗೆ ಅಡರುವ ಹುಳಿ ವಾಸನೆ.

"ಡಿಟೆಕ್ಟಿವ್ ಮೇಡಂ..." ಬಾಗಿಲಾಚೆ ಬೆಣ್ಣೆಯ ದನಿ. ಕಾರ್ಖಾನೆಯ ಮಾಲೀಕ. ಮಾತು ಅಷ್ಟು ನುಣ್ಣಗೆ, ಅದಕ್ಕೇ ಕೆಲಸದವರು 'ಬೆಣ್ಣೆ' ಅಂತ ಹೆಸರಿಟ್ಟಿದ್ದರು. "ಕದ್ದು ಬಂದಿದ್ದೀರಿ. ನಮ್ಮವರು ಬರೋವರೆಗೂ ಆರಾಮಾಗಿ ಕೂತಿರಿ."

ಕೂರಲು ನನಗೆ ಪುರುಸೊತ್ತಿರಲಿಲ್ಲ. ನನ್ನ ಅಕ್ಕನಿಗಂತೂ ಇರಲೇ ಇಲ್ಲ.

ಅಕ್ಕ ಇದೇ ಕೋಣೆಯಲ್ಲಿ ಕೆಲಸಕ್ಕಿದ್ದಳು. ಸೋಯಾ ಹಾಲು ಹಿಂಡಿದ ಮೇಲೆ ಉಳಿಯುವ ಚರಟಕ್ಕೆ ಬಿಳಿ ಬೂಷ್ಟು ಹಿಡಿಸಿ, ಟ್ರೇಗಳಲ್ಲಿ ಹುದುಗಿಸಿ, ಒಣಗಿಸಿ, ಪುಡಿ ಮಾಡಿ ಡಬ್ಬಿಗೆ ತುಂಬುತ್ತಾರೆ. ಬೊಜ್ಜು ಕರಗುತ್ತೆ, ಕೊಲೆಸ್ಟ್ರಾಲ್ ಇಳಿಯುತ್ತೆ! ಇಲಿಗಳಿಗೆ ತಿನ್ನಿಸಿ ನೋಡಿದ್ದರಂತೆ. ಇಳಿದದ್ದು ನಿಜ. ಆದರೆ ಸ್ವಲ್ಪ.

ಬೆಣ್ಣೆಗೆ 'ಸ್ವಲ್ಪ' ಸಾಲದು.

ಕೆಲಸದವರಿಗೆ ಡಬ್ಬಿ ಫ್ರೀ. ಡಾಕ್ಟರ್ ಕೊಟ್ಟ ಕೊಲೆಸ್ಟ್ರಾಲ್ ಮಾತ್ರೆಯ ಜೊತೆಗೇ ಅಕ್ಕ ಅದನ್ನೂ ತಿಂದಳು. ಈಗ ಆಸ್ಪತ್ರೆಯಲ್ಲಿ ಕೈ ಎತ್ತಲಾರಳು. ಮೂತ್ರ ಕಡು ಚಹಾದ ಬಣ್ಣ. ಕಿಡ್ನಿ ಕೈಕೊಡುತ್ತಿದೆ.

"ಒಂದೇ ಮಾತ್ರೆಗೆ ಹೀಗೆಲ್ಲ ಆಗಲ್ಲ," ಅಂದಿದ್ದರು ಡಾಕ್ಟರ್. "ಇನ್ನೇನೋ ಹೊಟ್ಟೆಗೆ ಹೋಗಿದೆ. ಏನು ಅಂತ ಗೊತ್ತಾಗ್ಬೇಕು. ಬೇಗ!"

ಫೋನಿನ ಟಾರ್ಚ್ ಹಚ್ಚಿದೆ. ಒಂದೊಂದೇ ಟ್ರೇ ಮುಟ್ಟಿದೆ. ಬೆಚ್ಚಗೆ. ಅದರ ಪಕ್ಕದ್ದೂ ಬೆಚ್ಚಗೆ...

"ಬೂಷ್ಟಿಗೆ ಜೀವ ಇದ್ರೆ ಟ್ರೇ ಜ್ವರ ಬಂದ ಮಗು ಥರ ಇರುತ್ತೆ ಕಣೇ," ಅನ್ನುತ್ತಿದ್ದಳು ಅಕ್ಕ.

ಮೂಲೆಯ ಟ್ರೇ ತಣ್ಣಗಿತ್ತು. ಹೆಣದ ಹಾಗೆ!

ಚರಟ ಕೆದಕಿದೆ. ಗುಲಾಬಿ ಚೂರುಗಳು. ಅರ್ಧ ಅರೆದ ಮಾತ್ರೆಗಳು! ಅಕ್ಕನ ದಿಂಬಿನ ಪಕ್ಕದಲ್ಲಿದ್ದವೂ ಇವೇ. ಪುಡಿಗೆ ಕೊನೆಯಲ್ಲಿ ಬೆರೆಸಬೇಕಾದ್ದನ್ನು ಅವಸರದಲ್ಲಿ ಯಾರೋ ಹಸಿ ಚರಟಕ್ಕೇ ಸುರಿದಿದ್ದರು. ಆ ಮಾತ್ರೆ ಬೂಷ್ಟನ್ನೂ ಕೊಲ್ಲುತ್ತದೆ ಎಂದು ಅವರಿಗೇನು ಗೊತ್ತು?

ಡಾಕ್ಟರಿಗೆ ಫೋನ್ ಮಾಡಿದೆ. "ಪುಡಿಯಲ್ಲೂ ಅಕ್ಕನ ಮಾತ್ರೆಯೇ ಇದೆ!"

"ಅಯ್ಯೋ... ಡೋಸ್ ಮೇಲೆ ಡೋಸ್! ನಾನು ಚಿಕಿತ್ಸೆ ಶುರು ಮಾಡ್ತೀನಿ. ಸ್ಯಾಂಪಲ್ ತನ್ನಿ."

"ಉಳೀತಾಳಾ?"

"ಬೇಗ ಬನ್ನಿ." ಗುಲಾಬಿ ಚೂರುಗಳ ಸಮೇತ ಚರಟವನ್ನು ಚೀಲಕ್ಕೆ ತುಂಬಿಕೊಂಡೆ.

ಚಿಲಕ ಸರಿಯಿತು. ಬಾಗಿಲಲ್ಲಿ ಬೆಣ್ಣೆ. ಕೈಯಲ್ಲಿ ಕಬ್ಬಿಣದ ರಾಡ್.

"ಆ ಚೀಲ ಕೊಡಮ್ಮಾ. ನಿಮ್ಮಕ್ಕ ನನಗೆ ತಂಗಿ ಇದ್ದ ಹಾಗೆ."

"ತಂಗಿ ಪಕ್ಕದ ಮಂಚ ಖಾಲಿ ಇದೆ. ಬಂದು ಮಲಗಣ್ಣಾ!"

ಟ್ರೇ ಸ್ಟ್ಯಾಂಡ್ ಅವನ ಮೇಲೆ ತಳ್ಳಿದೆ. ಅವನು ರಾಡ್ ಬೀಸಿದ. ನನ್ನ ಭುಜಕ್ಕೆ ಬೆಂಕಿ ಬಿದ್ದಂತಾಯಿತು! ಪಕ್ಕದ ಗಿರಣಿಯಿಂದ ಚರಟ ಸುರಿಯುವ ಕಿಂಡಿಯೊಳಗೆ ನುಗ್ಗಿದೆ. ತೆವಳಿದೆ. ಗಿರಣಿಯ ನೆಲಕ್ಕೆ ಬಿದ್ದೆ. ಚೀಲ ಎದೆಗೆ ಅಂಟಿಕೊಂಡೇ ಇತ್ತು.

"ನಿಲ್ಲೇ!"

ಕಿಂಡಿಯಲ್ಲಿ ಬೆಣ್ಣೆಯ ತಲೆ ಬಂತು. ಭುಜ ಬಂತು. ಹೊಟ್ಟೆ ಬರಲಿಲ್ಲ.

"ಎಳೀರೋ ಯಾರಾದ್ರೂ!"

ಕೆಲಸದವರು ಕೈಕಟ್ಟಿ ನಿಂತಿದ್ದರು. ನಾನು ಓಡಿದೆ.

ಅಕ್ಕ ಈಗ ಡಯಾಲಿಸಿಸ್ ಮೇಲಿದ್ದಾಳೆ. ಡಾಕ್ಟರ್ ಇನ್ನೂ ಗ್ಯಾರಂಟಿ ಕೊಟ್ಟಿಲ್ಲ. ನಿನ್ನೆ ಕಣ್ಣು ಬಿಟ್ಟಳು. ಪೊಲೀಸರು ಗೋಡೆ ಒಡೆದು ಬೆಣ್ಣೆಯನ್ನು ಹೊರಗೆಳೆದ ಕತೆ ಹೇಳಿದೆ. ನಗಲು ನೋಡಿದಳು, ಆಗಲಿಲ್ಲ.

"ಆಗ್ಲೇ ಡೌಟ್ ಬರ್ಬೇಕಿತ್ತು ಕಣೇ..." ತುಟಿ ಮಾತ್ರ ಅಲ್ಲಾಡಿತು. "ಅವನು ಒಂದು ದಿನಾನೂ ನಮ್ಮ ಪುಡಿ ತಿನ್ಲಿಲ್ಲ!"