ಭಾನುವಾರ ಮೇಯದ ಹಸುಗಳು

ಕಾಫಿ ಗಿರಣಿ ನಿಂತ ಮೇಲೆ, ಅದರ ಕೂಲಿಗಳು ಕಟ್ಟಿದ್ದ ನಮ್ಮೂರು ಪೆದ್ರಾ ಮಾನ್ಸಾದ ಫುಟ್‌ಬಾಲ್ ಕ್ಲಬ್ಬೂ ಮುಚ್ಚಿತು. ಹುಲ್ಲು ಬೆಳೆದ ಮೈದಾನವನ್ನು ನಾನು ಹಸು ಮೇಯಿಸಲು ಗುತ್ತಿಗೆ ಹಿಡಿದೆ. ವಾರವೆಲ್ಲ ಅವು ನೆಮ್ಮದಿಯಾಗಿ ಮೇಯುತ್ತಿದ್ದವು. ಭಾನುವಾರ ಮಧ್ಯಾಹ್ನ ಮಾತ್ರ ಒಂದೊಂದಾಗಿ ಹೋಗಿ, ಸುಣ್ಣದ ಗೆರೆ ಎಂದೋ ಅಳಿಸಿಹೋಗಿದ್ದ ಅಂಚಿನಲ್ಲಿ ಒಳಮುಖವಾಗಿ ಸಾಲು ನಿಲ್ಲುತ್ತಿದ್ದವು. ತಲೆಗಳೆಲ್ಲ ಒಟ್ಟಿಗೆ ಎಡಕ್ಕೆ ಹೊರಳುತ್ತಿದ್ದವು, ಒಟ್ಟಿಗೆ ಬಲಕ್ಕೆ.

"ನಾವು ಆಡ್ವಾಗ ಇಷ್ಟು ಜನಾನೂ ಬರ್ತಿರ್ಲಿಲ್ಲ ಕಣೋ," ಎಂದು ಅಕ್ಕನ ಗಂಡ ಅನೀಸಿಯೊ ನಗುತ್ತಿದ್ದ. ಅವನು ಕ್ಲಬ್ಬಿನ ಗೋಲ್‌ಕೀಪರ್ ಆಗಿದ್ದವನು. ಆಡಿದವರಲ್ಲಿ ಬದುಕಿ ಉಳಿದವನು ಅವನೊಬ್ಬನೇ.

ಆಗಸ್ಟಿನ ಒಂದು ಭಾನುವಾರ, ಆ ವರ್ಷ ಬದುಕಿದ್ದ ಒಂದೇ ಹೆಣ್ಣುಗರು ಅಂಚು ದಾಟಿ ಒಳಗೋಡಿತು. ತಾಯಿ ಅರಚಿತೇ ಹೊರತು ಹೆಜ್ಜೆಯಿಡಲಿಲ್ಲ. ನಾನೇ ಹೋದೆ. ಉರಿಬಿಸಿಲಲ್ಲೂ ಮೊಣಕಾಲಿನವರೆಗೆ ತಣ್ಣಗೆ ಕೊರೆಯಿತು. ಯಾರೋ ಏದುಸಿರು ಬಿಡುತ್ತಾ ಪಕ್ಕದಲ್ಲೇ ಓಡಿದ ಹಾಗಾಯಿತು. ಹುಲ್ಲು ಮಲಗಿ ಎದ್ದಿತು. ಗೋಲಿನ ಮುಂದೆ ನಡುಗುತ್ತಿದ್ದ ಕರುವನ್ನು ಎತ್ತಿಕೊಂಡೆ. ಅಷ್ಟರಲ್ಲಿ ಹಸುಗಳೆಲ್ಲ ಒಂದೇ ಸಲಕ್ಕೆ ಕೂಗಿದವು.

ಸಂಜೆ ಅಕ್ಕನ ಮನೆಯಲ್ಲಿ ಕಾಫಿ ಕುಡಿಯುತ್ತಾ ನಡೆದದ್ದನ್ನು ಹೇಳಿದೆ. ಅನೀಸಿಯೊ ನಗಲಿಲ್ಲ.

"ಯಾವ ಕಡೆ ಗೋಲು?"

"ಗೇಟಿನ ಕಡೇದು. ಕರು ಉಳೀತಲ್ಲ, ಅದು ಕೇಳು ಭಾವ!"

"ನಿನ್ ಕರು ಹಾಳಾಗ್ಲಿ. ಅದು ನನ್ ಗೋಲು ಕಣೋ. ನಾನಿಲ್ಲಿ ಕಾಫಿ ಕುಡೀತಾ ಕೂತಿದ್ರೆ, ಅಲ್ಲಿ ತಡೆಯೋರ್ಯಾರು?"

ಮುಂದಿನ ಭಾನುವಾರದಿಂದ ಆ ಕರು ತಾನಾಗಿ ಒಳಗೆ ಹೋಗಿ ಗೇಟಿನ ಕಡೆಯ ಗೋಲಿನ ಮುಂದೆ ನಿಲ್ಲತೊಡಗಿತು. ಬೆಳೆದು ಹಸುವಾದ ಮೇಲೂ ಬಿಡಲಿಲ್ಲ. ಹೋದ ಈಸ್ಟರಿನ ಆಸುಪಾಸಿನಲ್ಲಿ ಅನೀಸಿಯೊವನ್ನು ಮಣ್ಣು ಮಾಡಿದೆವು. ಅಂದಿನಿಂದ ಅದೂ ಉಳಿದವುಗಳ ಜೊತೆ ಅಂಚಿನಲ್ಲೇ ನಿಲ್ಲುತ್ತದೆ.