ದುಬೈಯಿಂದ ನಾಲ್ಕು ಗಂಟೆ

ಹಳೆಯ ಪ್ರಕರಣದ ಕಡತಕ್ಕೆ ಶಾಂಭವಿ ಮೂರನೆಯ ಹೊಲಿಗೆ ಹಾಕುತ್ತಿದ್ದಾಗ ಠಾಣೆಯ ಫೋನು ಬಡಿದುಕೊಂಡಿತು. ಸೂಜಿಯನ್ನು ಹಾಳೆಗಳಲ್ಲೇ ಬಿಟ್ಟು ಎತ್ತಿದಳು. ೨೦೦೭ರ ಫೆಬ್ರವರಿ ೧೩, ಮಧ್ಯಾಹ್ನ ೧೨.೨೦.

“ಮಾಸ್ಕ್ ರೋಡ್ ಹಿಂದೆ ಮುನವ್ವರ್‌ಬೀ ತೀರ್ಕೊಂಡಿದಾರೆ. ವಿಷ ಹಾಕಿದಾರೆ. ಮಣ್ಣು ಮಾಡೋಕೆ ಬಿಡ್ಬೇಡಿ.”

ಹೆಣ್ಣು ದನಿ. ಹೆಸರು ಕೇಳುವಷ್ಟರಲ್ಲಿ ಕಡಿದುಹೋಯಿತು.

೧೨.೪೫ಕ್ಕೆ ಸಬ್‌ಇನ್ಸ್‌ಪೆಕ್ಟರ್ ಶಾಂಭವಿ, ಕಾನ್‌ಸ್ಟೇಬಲ್ ಅಮರಪ್ಪ ಪುಲಿಕೇಶಿನಗರದ ಆ ಮನೆ ತಲುಪಿದರು. ಶವಕ್ಕೆ ಸ್ನಾನವಾಗಿ ಬಿಳಿ ಕಫನ್ ಹೊದಿಸಿತ್ತು. ಸತ್ತವಳ ಭಾವ ಜಿಯಾವುಲ್ಲಾ ಬಾಗಿಲಲ್ಲೇ ನಿಂತಿದ್ದ.

“ಆರು ತಿಂಗಳಿಂದ ಕ್ಯಾನ್ಸರ್ ಮೇಡಂ. ಒಂದೂವರೆ ನಮಾಜ್ ಆದ್ಮೇಲೆ ಎತ್ಬೇಕು. ಬೇಗ ಮಣ್ಣು ಮಾಡೋದೇ ಸತ್ತವರಿಗೆ ಕೊಡೋ ಮರ್ಯಾದೆ.”

“ಮಕ್ಕಳು?”

“ಒಬ್ಳೇ ಮಗಳು, ದುಬೈಯಲ್ಲಿ ನರ್ಸು. ಹೊರಟಿದಾಳಂತೆ. ಯಾವಾಗ ಬರ್ತಾಳೋ! ಕಾಯೋಕಾಗಲ್ಲ.”

ಆಸ್ಪತ್ರೆಯ ಕಾಗದಗಳನ್ನು ತರಿಸಿದರು. ವೈದ್ಯರು ಬಂದು ನೋಡಿ ಸಹಜ ಸಾವೆಂದು ಬರೆದುಕೊಟ್ಟರು. ಪಂಚನಾಮೆ ಮುಗಿಯಿತು. ಮೂರು ಗಂಟೆಗೆ ಶಾಂಭವಿ ಸಹಿ ಹಾಕಿ ಶವ ಬಿಟ್ಟುಕೊಟ್ಟಳು.

೪.೩೦ಕ್ಕೆ ಆಟೋದಿಂದ ಇಳಿದ ಮಗಳು ಖಾಲಿ ಮಂಚದ ಮುಂದೆ ಕುಸಿದಳು. ಅಮರಪ್ಪ ಅವಳ ಹೇಳಿಕೆ ಬರೆದುಕೊಂಡು ಟಿಕೆಟ್ಟಿನ ಜೆರಾಕ್ಸ್ ತಂದ.

ಠಾಣೆಯ ಫೋನಿನಲ್ಲಿ ಮೂಡಿದ್ದ ನಂಬರು ಮೂಲೆಯ ಬೇಕರಿಯದು.

“ಇಲ್ಲಿಂದ ಠಾಣೆಗೆ ಫೋನ್ ಯಾರು ಮಾಡಿದ್ದು?” ಶಾಂಭವಿ ಅಲ್ಲಿಗೆ ಹೋಗಿ ಕೇಳಿದಳು.

“ಗುಲ್ಷನ್ ಖಾಲಾ,” ಅಂದ ಬೇಕರಿಯ ಅನೀಸ್. “ಹೆಂಗಸ್ರು ಸತ್ರೆ ಮೈ ತೊಳೆಯೋರು. ದುಬೈ ಎಷ್ಟು ದೂರ ಅಂತ ಕೇಳಿದ್ರು. ಎರಡೂಮುಕ್ಕಾಲು ಸಾವಿರ ಕಿಲೋಮೀಟ್ರು, ನಾಲ್ಕು ಗಂಟೆ ಅಂದೆ. ‘ಅಷ್ಟೇನಾ? ಕೋಲಾರಕ್ಕೇ ಬಸ್ಸಲ್ಲಿ ಎರಡೂವರೆ ಆಗುತ್ತಲ್ಲೋ’ ಅಂದ್ರು.”

ಸಂಜೆ ೬.೧೦. ಠಾಣೆಯಲ್ಲಿ ಎದುರು ಕೂತ ಗುಲ್ಷನ್‌ಳ ಕೈಗಳಿಂದ ಶವದ ಸ್ನಾನಕ್ಕೆ ಬಳಸಿದ ಕರ್ಪೂರದ ವಾಸನೆ ಇನ್ನೂ ಬರುತ್ತಿತ್ತು.

“ಯಾಕೆ ಸುಳ್ಳು ಹೇಳಿದ್ರಿ?”

“ಕೊನೇ ಗುಟುಕು ನೀರು ಬಿಟ್ಟೋಳು ನಾನು. ಆಗ್ಲೂ ಮಗಳ್ನೇ ಕೇಳಿದ್ಳು. ಅವಳು ಬರೋವರೆಗೂ ಕಾಯಿರಿ ಅಂದ್ರೆ ಗಂಡಸರ ಮುಂದೆ ನನ್ನ ಮಾತು ನಡೀತದಾ? ಪೊಲೀಸ್ರದ್ದು ನಡೀತದೆ.”

“ಮೂರಕ್ಕೆ ಎತ್ತಿದಾಗ ಸುಮ್ನಿದ್ರಲ್ಲ?”

“ಹತ್ತಕ್ಕೆ ಪ್ಲೇನು ಅಂತ ಮಗಳು ಫೋನಲ್ಲಿ ಅಂದಿದ್ಳು. ನಾಲ್ಕು ಗಂಟೆ ಆಕಾಶದಲ್ಲಿ, ಒಂದು ಗಂಟೆ ಆಟೋ. ಮೂರಕ್ಕೆ ಬರ್ಲೇಬೇಕಿತ್ತು. ಬರ್ಲಿಲ್ಲ. ಇನ್ನು ಎಷ್ಟೊತ್ತು ಅಂತ ಮಲಗಿಸಿಡೋದು? ಪ್ಲೇನು ಲೇಟಾಯ್ತು, ನಸೀಬು. ನನ್ನ ಕೈಲಾಗಿದ್ದು ಮಾಡ್ದೆ ಮೇಡಂ.”

ಸುಳ್ಳು ಮಾಹಿತಿ ಕೊಟ್ಟ ಆರೋಪದ ಮೇಲೆ ಎಫ್‌ಐಆರ್ ಆಯಿತು. ಬಂಧನದ ಕಾಗದಕ್ಕೆ ಗುಲ್ಷನ್ ಹೆಬ್ಬೆಟ್ಟು ಒತ್ತಿದಳು.

ಕಡತ ಜೋಡಿಸುವಾಗ ಶಾಂಭವಿ ಟಿಕೆಟ್ಟಿನ ಜೆರಾಕ್ಸ್ ನೋಡಿದಳು. ಹೊರಡುವುದು ಹತ್ತಕ್ಕೆ, ಇಳಿಯುವುದು ಮೂರೂವರೆಗೆ. ವಿಮಾನ ತಡವಾಗಿರಲೇ ಇಲ್ಲ. ದುಬೈಯಲ್ಲಿ ಹತ್ತಾದರೆ ಇಲ್ಲಿ ಹನ್ನೊಂದೂವರೆ. ಗುಲ್ಷನ್ ಎಲ್ಲವನ್ನೂ ತನ್ನ ಮನೆಯ ಗಡಿಯಾರದಲ್ಲೇ ಎಣಿಸಿದ್ದಳು. ಸಹಿ ಹಾಕುವ ಮುನ್ನ ಶಾಂಭವಿಯೂ ಕೇಳಿರಲಿಲ್ಲ, ಮಗಳು ಎಷ್ಟಕ್ಕೆ ಇಳಿಯುತ್ತಾಳೆಂದು.

ಒಳಗಿನ ಬೆಂಚಿನ ಮೇಲೆ ಗುಲ್ಷನ್ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು.

“ಎಲ್ಲಾ ಹಾಳೆ ಸೇರಿದ್ವಾ ಮೇಡಂ?” ಅಮರಪ್ಪ ಕೇಳಿದ.

“ಹ್ಞೂಂ.”

ಜೆರಾಕ್ಸನ್ನು ನಾಲ್ಕಾಗಿ ಮಡಿಸಿ ತನ್ನ ಬ್ಯಾಗಿಗೆ ಹಾಕಿಕೊಂಡು, ಉಳಿದ ಹಾಳೆಗಳಿಗೆ ಸೂಜಿ ಚುಚ್ಚಿದಳು.