ಹದಿನೇಳನೇ ಬುಗ್ಗೆಯ ನೀರು

ಶುಕ್ರವಾರದೊಳಗೆ ಹದಿನೇಳನೇ ಬುಗ್ಗೆಯ ಒಂದು ಬಾಟಲಿ ನೀರು ಪರೀಕ್ಷೆಗೆಂದು ಬೆಟ್ಟದಿಂದ ಕೆಳಗೆ ಬರಬೇಕಿತ್ತು. ಇಲ್ಲದಿದ್ದರೆ ಅದೇ ಬುಗ್ಗೆಯಿಂದ ಚಿರ್ಕಾ ಹಳ್ಳಿಗೆ ಹೊಸ ಪೈಪು ಎಳೆಯಲು ಸಹಿ ಬೀಳುತ್ತಿತ್ತು. ಹಳ್ಳಿಯ ನಲ್ಲಿಯಲ್ಲಿ ಆರ್ಸೆನಿಕ್ ವಿಷ ಸಿಕ್ಕಿತ್ತು. ಹನ್ನೊಂದು ಮಂದಿ ಸತ್ತಿದ್ದರು. "ಬುಗ್ಗೆ ಚೊಕ್ಕಟ ಅಂತ ನಕ್ಷೇಲೇ ಇದೆ. ಕೆಟ್ಟಿರೋದು ಹಳೇ ಪೈಪು" ಎನ್ನುತ್ತಿದ್ದ ಅಧಿಕಾರಿ.

ಆ ನಕ್ಷೆ ಪ್ರೊಫೆಸರ್ ಎಲ್ವೀರಾಳದು. ಅಲ್ಲಲ್ಲಿ ಅಳೆದು, ಅಳೆಯದ ನೆಲದ ಗುಣವನ್ನು ಲೆಕ್ಕ ಹಾಕಿ ಹೇಳುವುದು ಆಕೆಯ ವಿದ್ಯೆ. ಇಪ್ಪತ್ತೆಂಟು ವರ್ಷದ ಹಿಂದೆ ಡಾಕ್ಟರೇಟಿಗೆಂದು ನಲವತ್ತು ಬುಗ್ಗೆಗಳ ನೀರು ತರಿಸಿದ್ದಳು. ಹದಿನೇಳನೆಯದರಲ್ಲಿ ವಿಷ ನೆರೆಯವಕ್ಕಿಂತ ಇಪ್ಪತ್ತು ಪಟ್ಟು ಬಂತು. ಅಂದದ ನಕ್ಷೆ ಕೆಡುತ್ತದೆಂದು ಆ ಅಂಕಿ ಹೊಡೆದುಹಾಕಿ, ನೆರೆಯ ಅಂಕಿಗಳಿಂದ ಜಾಗ ತುಂಬಿದಳು. ಪದಕ ಬಂತು, ಪ್ರೊಫೆಸರ್ ಹುದ್ದೆ ಬಂತು, ಚಿಲಿಯ ಗಣಿಗಳೆಲ್ಲ ಅವಳ ಮಾತಿಗೆ ಕಾಯುವಂತಾಯಿತು. ಈಗ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಹೊರಟವರು ಮೂವರು: ಎಲ್ವೀರಾ, ಶಿಷ್ಯ ರೆನಾತೊ, ದಾರಿ ತೋರಲು ಚಿರ್ಕಾದ ಮುದುಕ ಇಲಾರಿಯೋನ್, ಗೌರವಕ್ಕೆ 'ದೊನ್' ಇಲಾರಿಯೋನ್. ಅಂದು ಹದಿನೇಳನೆಯ ಬಾಟಲಿ ಹೊತ್ತು ತಂದವನೂ ಅವನೇ. ಸತ್ತ ಹನ್ನೊಂದರಲ್ಲಿ ಅವನ ಹೆಂಡತಿಯೂ ಒಬ್ಬಳು.

ಹೇರು ಹೊರುವ ಲಾಮಾ ಪ್ರಾಣಿಯೊಂದನ್ನು ಹೊಡೆದುಕೊಂಡು ಎರಡು ದಿನ ಏರಿದರು. ಹುಲ್ಲು ಮುಗಿಯಿತು, ಬರೀ ಕೆಂಪು ಕಲ್ಲು, ಉಪ್ಪುಗಟ್ಟಿದ ಕೆರೆ, ಮೂಳೆ ಕೊರೆಯುವ ಗಾಳಿ. ಹತ್ತು ಹೆಜ್ಜೆಗೊಮ್ಮೆ ಎಲ್ವೀರಾ ಉಸಿರು ಸಾಲದೆ ನಿಲ್ಲುತ್ತಿದ್ದಳು.

"ಕೋಕಾ ಎಲೆ ಅಗೀರಿ ಪ್ರೊಫೆಸೋರಾ, ಉಸಿರು ಹತ್ತತ್ತೆ. ಕುರ್ಚಿ ಮೇಲೆ ಕೂತ್ಕೊಂಡು ಹತ್ತೋ ಬೆಟ್ಟ ಅಲ್ಲ ಇದು" ಎಂದ ಇಲಾರಿಯೋನ್.

ಬುಗ್ಗೆಯ ನೀರು ಕನ್ನಡಿಯಷ್ಟು ತಿಳಿ. ಪುಡಿ ಬೆರೆಸಿದ ನೀರಿನ ಮೇಲೆ ಪರೀಕ್ಷೆಯ ಕಾಗದ ಹಿಡಿದರೆ ಕಡುಕಂದು: ಭಾರೀ ವಿಷ. ಲ್ಯಾಬಿನಲ್ಲಿ ಖಚಿತಪಡಿಸಲೆಂದು ಒಂದು ಬಾಟಲಿ ತುಂಬಿ ಲಾಮಾದ ಹೇರಿಗೆ ಕಟ್ಟಿದರು.

ಇಲಾರಿಯೋನ್ ಮುಂದೆ ಸಾಗಿದಾಗ ರೆನಾತೊ ಪಿಸುಗುಟ್ಟಿದ: "ಬಾಟಲಿ ಬಿದ್ದು ಒಡೀತು ಅಂದ್ರೆ ಯಾರು ಕೇಳ್ತಾರೆ? ನಿಮ್ಮ ಹೆಸರು ಉಳಿಯತ್ತೆ."

"ಬಾಯಿ ಮುಚ್ಚು" ಎಂದಳು. ಆದರೆ ಒಂದು ಗಳಿಗೆ ಆಸೆಯಾಗಿದ್ದು ನಿಜ.

ಇಳಿಜಾರಿನಲ್ಲಿ ಹಿಮಗಾಳಿ ಎದ್ದಿತು. ಸಡಿಲಗಲ್ಲು ಕುಸಿಯಿತು. ಲಾಮಾ ಮುಗ್ಗರಿಸಿತು. ಹೇರು ಬಿಚ್ಚಿ ಪ್ರಪಾತದತ್ತ ಉರುಳಿತು.

"ಬಿಟ್ಬಿಡಿ, ದೊನ್ ಇಲಾರಿಯೋನ್!" ಎಂದು ಕಿರುಚಿದ ರೆನಾತೊ.

ಮುದುಕ ಬಿಡಲಿಲ್ಲ. ಹೊಟ್ಟೆಯ ಮೇಲೆ ಜಾರುತ್ತ ಹೋಗಿ, ಅಂಚಿನಲ್ಲಿ ಹೇರಿನ ಚೀಲ ಹಿಡಿದ. ಅವನ ಕಾಲಡಿ ಕಲ್ಲು ಸರಿಯಿತು. ಎಲ್ವೀರಾ ಮುಂದೆ ಬಿದ್ದು ಅವನ ಸೊಂಟದ ಪಟ್ಟಿ ಹಿಡಿದಳು, ರೆನಾತೊ ಅವಳ ಕಾಲು ಹಿಡಿದ. ಎಳೆದರು, ಮತ್ತೆ ಎಳೆದರು, ಅಂತೂ ಮೇಲೆ ಬಂದ.

ಅವನ ಅಂಗೈ ಕಿತ್ತು ರಕ್ತ ಸುರಿಯುತ್ತಿತ್ತು. ಎಲ್ವೀರಾಳಿಗೆ ಇನ್ನು ತಡೆಯಲಾಗಲಿಲ್ಲ.

"ದೊನ್ ಇಲಾರಿಯೋನ್, ನೀವು ಆವತ್ತು ತಂದ ನೀರಲ್ಲೂ ವಿಷ ಸಿಕ್ಕಿತ್ತು. ನಾನು ನಂಬಲಿಲ್ಲ. 'ಕೂಲಿಯವನು ಬಾಟಲಿ ಸರಿಯಾಗಿ ತೊಳೆದಿಲ್ಲ' ಅಂತ ಬರೆದು, ಅಂಕಿ ಹೊಡೆದುಹಾಕಿದೆ."

ಅವನು ಒಡೆಯದೆ ಉಳಿದ ಬಾಟಲಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಇಳಿಯತೊಡಗಿದ. ಊರು ಮುಟ್ಟುವವರೆಗೂ ಹಿಂದೆ ತಿರುಗದೆ ಮುಂದೆಯೇ ನಡೆದ.

ಶುಕ್ರವಾರ ಬೆಳಿಗ್ಗೆ ಅಧಿಕಾರಿ ಕಾಗದಪತ್ರ ಹಿಡಿದು ಕಾದಿದ್ದ. ಊರೂ ನೆರೆದಿತ್ತು. ಎಲ್ವೀರಾ ಎಲ್ಲರೆದುರು ಹೇಳಿದಳು: "ಬುಗ್ಗೇಲೇ ವಿಷ ಇದೆ. ನನ್ನ ನಕ್ಷೆ ಸುಳ್ಳು. ವಿಷದ ಅಂಕಿ ಬಂದಿದ್ದೂ ಅಳಿಸಿದೋಳು ನಾನೇ."

ಅಧಿಕಾರಿ ಕಾಗದ ಮಡಚಿ ಬಾಟಲಿಗೆ ಕೈ ಚಾಚಿದ. "ತೊಳೆದಿದ್ದೀರಿ ತಾನೆ?"

"ಮೂರು ಸಲ" ಎಂದ ಇಲಾರಿಯೋನ್. ಆಮೇಲೆ ಮೊದಲ ಬಾರಿಗೆ ಎಲ್ವೀರಾಳತ್ತ ತಿರುಗಿದ. "ಆವತ್ತೂ ಮೂರು ಸಲ ತೊಳ್ದಿದ್ದೆ, ಪ್ರೊಫೆಸೋರಾ. ನೀವೇ ಹೇಳ್ಕೊಟ್ಟಿದ್ರಿ."